ದೇಸಾಯಿಯ ಪಾತ್ರ ನನ್ನದು

೧೨ ಫೆಬ್ರುವರಿ ೧೯೮೪, ಭಾನುವಾರ

ಊಟ, ಪಾತ್ರೆ, ಅತ್ತೆಯ ಕಾಲಿಗೆ ಎಣ್ಣೆ — ಮುಗಿಯಿತು. ಅತ್ತೆ ಮಲಗಿದರು. ಆಮೇಲೆ ನಮ್ಮ ಆಟ: ನಾದಿನಿ ಸಾವಿತ್ರಿ, ಪಕ್ಕದ ಮನೆಯ ಜೋಹರಾ, ನಾನು. ಬಾದಾಮಿಯ ಗವಿ ನೋಡಲು ಬಂದ ಫಾರಿನ್ ಜೋಡಿಯೊಂದು ನಮ್ಮವರ ಲಾಡ್ಜಿನಲ್ಲಿ ಬಿಟ್ಟುಹೋದ ಆಟದ ಪೆಟ್ಟಿಗೆ. ಇಂಗ್ಲಿಷ್ ಪುಸ್ತಕ, ಇಪ್ಪತ್ತು ಮುಖದ ದಾಳ. ನನ್ನ ಬಿ.ಎ. ಇದಕ್ಕಾದರೂ ಬಂತು!

ಒಬ್ಬಳು ಕಥೆ ನಡೆಸಬೇಕು, ದುಷ್ಟರೆಲ್ಲ ಅವಳೇ. ಉಳಿದವರು ಒಂದೊಂದು ಪಾತ್ರ ಹಿಡಿದು ಏನು ಮಾಡುತ್ತೇವೆಂದು ಹೇಳಬೇಕು. ಆಗುತ್ತೋ ಇಲ್ಲವೋ ದಾಳ ಹೇಳುತ್ತದೆ. ಅವರಿಬ್ಬರು ಕತ್ತಿ ಹಿಡಿದ ಅಕ್ಕತಂಗಿಯರು. ನಾನು ವ್ಯಾಂಪೈರ್ — ಜನರ ರಕ್ತ ಕುಡಿದು ಬದುಕುವವನು. ಅವನನ್ನು ವಾಡೆಯ ದೇಸಾಯಿ ಮಾಡಿದೆ. ತಲೆಗೆ ಬಿಳಿ ಪಟಗ, ಮೆತ್ತಗಿನ ಮಾತು. ಅತ್ತೆ ಇದನ್ನು ಪಗಡೆಯಾಟ ಎಂದುಕೊಂಡಿದ್ದಾರೆ. ಇರಲಿ.

೧೯ ಫೆಬ್ರುವರಿ

ನಕ್ಕು ನಕ್ಕು ಹೊಟ್ಟೆ ಹುಣ್ಣು. ಮನೆಯವರು ಕರೆಯದೆ ವ್ಯಾಂಪೈರ್ ಹೊಸ್ತಿಲು ದಾಟುವಂತಿಲ್ಲ, ಅದು ನಿಯಮ. ಅವರಿಗೆ ಮೊದಲೇ ಹೇಳಿದ್ದೆ. ದೇಸಾಯಿ ಬಂದ, ಕೈ ಮುಗಿದ, ಸುಮ್ಮನೆ ಬಾಗಿಲಲ್ಲಿ ನಿಂತ. ಸಾವಿತ್ರಿಗೆ ತಡೆಯಲಾಗಲಿಲ್ಲ.

"ಬರ್ರಿ, ಒಳಗ ಬರ್ರಿ. ಹೊರಗ್ಯಾಕ ನಿಂತ್ರಿ?"

ಜೋಹರಾ ಹಣೆ ಬಡಿದುಕೊಂಡಳು. "ಏ ಖೋಡಿ, ದೆವ್ವಕ್ಕ ಚಾ ಕುಡಸ್ತೀಯೇನ!"

"ಮತ್ತ, ಬಾಗಲಾಗ ನಿಂತವರಿಗೆ ಬರ್ರಿ ಅನ್ನದ ಹೆಂಗಿರ್ಲಿ?"

ಖರೆ. ನಾನಾದರೂ ಹಾಗೇ ಅನ್ನುತ್ತಿದ್ದೆ.

೪ ಮಾರ್ಚ್

ದೇಸಾಯಿ ಒಳಗೆ ಬಂದು ಕತ್ತಿ ಹಿಡಿಯಲಿಲ್ಲ, ಮಾತು ಹಿಡಿದ. ಸಾವಿತ್ರಿಯ ಕಿವಿಯಲ್ಲಿ — "ನಿನ್ನವರು ನಿನ್ನಿಂದ ಒಂದು ಮುಚ್ಚಿಟ್ಟಾರ, ತಂಗಿ. ನಿನ್ನ ಒಳ್ಳೇದಕ್ಕ ಹೇಳ್ತೇನಿ." ಬನಶಂಕರಿಯ ಆಣೆ ಹಾಕಿದೆ. ಕಣ್ಣಲ್ಲಿ ನೀರೂ ಬಂತು, ಎಲ್ಲಿಂದ ಬಂತೋ! ಸಾವಿತ್ರಿ ನಂಬಿದಳು. ಅಕ್ಕನನ್ನೇ ಕೋಣೆಯಲ್ಲಿ ಕೂಡಿಹಾಕಿ ಕೀಲಿಯನ್ನು ದೇಸಾಯಿಗೆ ಕೊಟ್ಟಳು. ಜೋಹರಾಳ ಪಾತ್ರ ಸತ್ತಿತು.

"ವೈನಿ, ನೀವು ಅತ್ತದ್ದು ಖರೇನ ಅನಿಸ್ತು. ಇನ್ನ ನಿಮ್ಮ ಯಾವ ಮಾತು ನಂಬಬೇಕ್ರೀ?" ಸಾವಿತ್ರಿಯ ಮುಖ ಸಣ್ಣದಾಗಿತ್ತು.

ನನಗೆ ಭಾಳ ಹೆಮ್ಮೆಯಾಯಿತು.

೯ ಮಾರ್ಚ್, ಶುಕ್ರವಾರ

ಸಾವಿತ್ರಿಗೆ ಇಳಕಲ್ಲಿನಿಂದ ಸಂಬಂಧ ಬಂದಿದೆ. ಸೀರೆ ವ್ಯಾಪಾರದ ಮನೆ, ಹುಡುಗ ಅಂದಾನಪ್ಪ. ಖುಷಿಗೆ ಅತ್ತೆಯ ಕಾಲು ನೆಲದ ಮೇಲೆ ನಿಲ್ಲುತ್ತಿಲ್ಲ.

ಇಳಕಲ್ಲು ನನ್ನ ತವರು. ಗೆಳತಿ ಗುರುಲಿಂಗವ್ವನ ಮನೆ ಅವರ ಎದುರಿಗೇ. ಇವತ್ತು ಬನಶಂಕರಿಯ ಗುಡಿಗೆ ಬಂದವಳು ಹೇಳಿದಳು — ಅವನಿಗೆ ಸೊಲ್ಲಾಪುರದಲ್ಲಿ ಒಂದು ಮದುವೆ ಆಗಿತ್ತು. ಹುಡುಗಿ ನಾಲ್ಕೇ ತಿಂಗಳಿಗೆ ತವರಿಗೆ ಓಡಿದಳು. ಹೊಡೆದ ಹೊಡೆತಕ್ಕೆ ಅವಳಿಗೆ ಒಂದು ಕಿವಿ ಕೇಳುವುದಿಲ್ಲ. ಎಲ್ಲ ಮುಚ್ಚಿದ್ದಾರೆ.

ನಮ್ಮವರಿಗೆ ಹೇಳಿದೆ. "ಹೆಣ್ಮಕ್ಕಳ ಗಾಳಿಮಾತು. ಸುಮ್ನಿರು." ಅತ್ತೆಗೆ ಹೇಳಿದೆ. "ಸೊಸಿಯಾಗಿ ಬಂದು ಮನಿ ಮಗಳ ಬಾಳಿಗಿ ಅಡ್ಡ ಬರ್ತೀಯೇನ?"

೧೧ ಮಾರ್ಚ್

ಸಾವಿತ್ರಿಯನ್ನು ಹಿತ್ತಲಿಗೆ ಕರೆದೆ. "ನಿನ್ನಿಂದ ಒಂದು ಮುಚ್ಚಿಟ್ಟಾರ. ನಿನ್ನ ಒಳ್ಳೇದಕ್ಕ ಹೇಳ್ತೇನಿ..." ಬಾಯಿಂದ ಬಿದ್ದ ಮೇಲೆ ತಿಳಿಯಿತು, ಯಾರ ಮಾತು ಅಂತ.

ಕಿಸಕ್ಕನೆ ನಕ್ಕಳು. "ಬಂದ್ರೇನ್ರಿ ದೇಸಾಯರು?"

ಎಲ್ಲ ಹೇಳಿದೆ. ಸೊಲ್ಲಾಪುರ, ಕಿವಿ, ಎಲ್ಲ. ಬನಶಂಕರಿಯ ಆಣೆ ಹಾಕಿದೆ. "ಆಣಿ ಅವನೂ ಹಾಕಿದ್ದ." ಅಳು ಬಂತು. ಅತ್ತುಬಿಟ್ಟೆ. ಆಗ ಅವಳ ನಗು ನಿಂತಿತು.

"ಸಾಕ್ರಿ, ವೈನಿ. ಆಟ ಆಟದಾಗಿರ್ಲಿ. ನಿಮ್ಮ ತವರೂರಿಗಿ ನಾ ಸೊಸಿಯಾಗಿ ಹೋದ್ರ ನಿಮಗ್ಯಾಕ ಉರೀ?"

ನನ್ನ ಹತ್ತಿರ ಬೇರೆ ದನಿಯೂ ಇಲ್ಲ, ಬೇರೆ ಕಣ್ಣೀರೂ ಇಲ್ಲ.

೧೨ ಮಾರ್ಚ್

ಸಾವಿತ್ರಿಗೆ ಹೇಳಲು ಜೋಹರಾಳನ್ನು ಕಳಿಸಿದೆ. "ವೈನಿ ಕಲಿಸಿ ಕಳಸ್ಯಾರ" ಅಂದಳಂತೆ. ಆಟದ ಪೆಟ್ಟಿಗೆಯನ್ನು ಒಲೆಗೆ ಹಾಕಿದೆ. ಏನು ಬಂತು ಅದರಿಂದ?

೧೮ ಮಾರ್ಚ್

ಗುರುಲಿಂಗವ್ವ ಬಂದು ಸಾವಿತ್ರಿಯ ಎದುರು ಒಂದು ಮಾತು ಹೇಳಿದರೆ ಸಾಕಿತ್ತು. ಇಳಕಲ್ಲಿಗೇ ಹೋಗಿ ಕೇಳಿಕೊಂಡೆ. ಅವಳ ಗಂಡ ನೇಕಾರ. "ನಮ್ಮ ಮಗ್ಗಕ್ಕ ನೂಲು ಅವರ ಮನಿಯಿಂದನ ಬರ್ತೈತೆವಾ. ನನ್ನ ಹೆಸರು ತಗೀಬ್ಯಾಡ, ಕಾಲಿಗಿ ಬೀಳ್ತೇನಿ." ನಿಜವಾಗಿಯೂ ಬಗ್ಗಿದಳು. ಎಬ್ಬಿಸಿ, ಬಸ್ ಹತ್ತಿದೆ.

೨೫ ಮಾರ್ಚ್, ಭಾನುವಾರ, ಸಂಜೆ

ನಿಶ್ಚಯ ಆಯಿತು. ಹಿರಿಯರು ಸಕ್ಕರೆ ಹಂಚಿದರು. ಸಕ್ಕರೆ ಬಾಯಿಗೆ ಬಿದ್ದ ಮೇಲೆ ಮಾತು ತಿರುಗುವುದಿಲ್ಲ, ನಮ್ಮಲ್ಲಿ ಅದು ಮದುವೆ ಆದ ಹಾಗೇ. ಕಣಜದ ಕೋಣೆಯಲ್ಲಿ ನಿಂತು ಬರೆಯುತ್ತಿದ್ದೇನೆ.

ಸ್ವಲ್ಪ ಹೊತ್ತಿನ ಮುಂಚೆ ಸಾವಿತ್ರಿ ಇಲ್ಲಿಗೆ ಬಂದಿದ್ದಳು. ಅಂದಾನಪ್ಪ ಒಂದು ಮಾತಾಡಬೇಕೆಂದು ಅವಳನ್ನು ಹಿತ್ತಲಿಗೆ ಕರೆದಿದ್ದನಂತೆ. ಹಸಿರು ಬಳೆ ಎರಡು ಒಡೆದಿವೆ. ಮಣಿಕಟ್ಟು ಕೆಂಪು.

"ಕೈ ಬಿಡ್ರಿ ಅಂದೆ. ನಕ್ರು. ಮತ್ತಿಷ್ಟು ಗಟ್ಟಿ ಹಿಡದ್ರು." ಕೈಯನ್ನು ನನ್ನ ಮುಂದೆ ಹಿಡಿದಳು. "ವೈನಿ... ಅದು ಖರೇನ ಏನ್ರಿ?"

"ಖರೆ."

"ಹಂಗಾರ ಅವ್ವಗ ಹೇಳ್ರಿ. ಈಗ ಹೇಳ್ರಿ. ನಿಮಗ ಹೇಳಾಕ ಬರ್ತೈತಿ."

ಪಡಸಾಲೆಗೆ ಹೋದೆ. ಜನವೋ ಜನ. "ಅತ್ತೀ" ಎಂದು ಬಾಯಿ ತೆರೆದೆ. ಅತ್ತೆ ನಗುತ್ತ ನನ್ನ ಬಾಯಿಗೂ ಒಂದು ಹಿಡಿ ಸಕ್ಕರೆ ಹಾಕಿದರು. ಎಲ್ಲರೂ ನೋಡುತ್ತಿದ್ದರು.

ನುಂಗಿದೆ.

ತಿರುಗಿ ಈ ಕೋಣೆಗೆ ಬಂದು ಚಿಲಕ ಹಾಕಿಕೊಂಡೆ. ಸಾವಿತ್ರಿ ಹೊರಗಿನಿಂದ ಬಾಗಿಲು ಬಡಿಯುತ್ತಿದ್ದಾಳೆ. "ಹೇಳಿದ್ರೇನ್ರಿ, ವೈನಿ? ಅವ್ವ ಏನಂದ್ಲು?" ಚಿಲಕ ತೆಗೆಯಬೇಕು. ತೆಗೆದು ಅವಳಿಗೆ ಹೇಳಬೇಕು, ನಾನು ಸಕ್ಕರೆ ನುಂಗಿದೆ ಅಂತ.