ಬಲಕ್ಕೆ ಪಂಜಾಬಿ, ಎಡಕ್ಕೆ ಅರಬ್ಬಿ

ಇರಾಕಿನ ದಂಡಿನ ಆಸ್ಪತ್ರೆಯಿಂದ, ೧೯೪೨

ಅಳವಂಡಿಯಲ್ಲಿರುವ ಅಣ್ಣ ಈಶಪ್ಪನಿಗೆ, ತಮ್ಮ ಮುದಿಯಪ್ಪ ಬರೆಸಿದ್ದು.

ಕಾಲಿನ ಗಾಯ ಮಾಯುತ್ತಿದೆ. ನನ್ನ ಬಲಗಡೆಯ ಮಂಚದಲ್ಲಿ ಪಂಜಾಬಿನ ಸಿಪಾಯಿ ಇದ್ದಾನೆ, ಎಡಗಡೆ ಇಲ್ಲಿನ ಬಂದರಿನ ಅರಬ್ಬಿ ಹಮಾಲ. ಪಂಜಾಬಿ ಮಾತು ಏರುತ್ತ ಇಳಿಯುತ್ತ ಬರುತ್ತದೆ. ಯಲಬುರ್ಗಾದಲ್ಲಿ ಉರ್ದು ಸಾಲಿ ಕಲಿತಿದ್ದಕ್ಕೆ ಅರ್ಧ ತಿಳಿಯುತ್ತದೆ. ಅರಬ್ಬಿ ಗಂಟಲಿನ ತಳದಿಂದ ಏಳುತ್ತದೆ, ಆಳದ ಬಾವಿಯಿಂದ ಕೊಡ ಸೇದಿದ ಹಾಗೆ. ಆದರೂ ನಡುನಡುವೆ ದುನಿಯಾ, ಖಬರ್ ಎಂದು ನಮ್ಮ ಕಡೆಯ ಮಾತೇ ಕೇಳಿಸಿ ಬೆಚ್ಚುತ್ತೇನೆ. ಜ್ವರ ಏರಿದಾಗ ಪಂಜಾಬಿಯವನು ‘ಬೇಬೇ’ ಅನ್ನುತ್ತಾನೆ, ಹಮಾಲ ‘ಯುಮ್ಮಾ’ ಅನ್ನುತ್ತಾನೆ. ಎರಡೂ ಅವ್ವನೇ.

ಇಲ್ಲಿಯವರೆಗೆ ಅವ್ವನಿಗೆ ಓದಿ ಹೇಳು. ಮುಂದಿನದನ್ನು ಹೊಲಕ್ಕೆ ಹೋಗಿ ಒಬ್ಬನೇ ಓದು.

‘ಯುಮ್ಮಾ’ ಅನ್ನುವ ದನಿ ನಿನ್ನೆಯಿಂದ ಕೇಳುತ್ತಿಲ್ಲ. ಆ ಇಬ್ಬರ ಮುಖವನ್ನು ನಾನು ನೋಡಿಯೇ ಇಲ್ಲ. ಬಂದರಿನಲ್ಲಿ ಮದ್ದುಗುಂಡಿನ ಪೆಟ್ಟಿಗೆ ಸಿಡಿದು ನನ್ನ ಎರಡೂ ಕಣ್ಣು ಹೋಗಿವೆ. ಈ ಅಕ್ಷರ ಧಾರವಾಡದ ಕಂಪೌಂಡರ್ ಒಬ್ಬರದು.

ನನಗೆ ಗೊತ್ತುಮಾಡಿದ್ದ ಗಾಳೆಮ್ಮನ ಮನೆಗೆ ಹೋಗಿ ‘ಬ್ಯಾರೆ ವರಾ ನೋಡ್ಕೋರಿ’ ಎಂದು ಹೇಳಿ ಬಾ. ಬಾಗಿಲಿನಿಂದ ಕೊಟ್ಟಿಗೆಯವರೆಗೆ ಒಂದು ಹಗ್ಗ ಕಟ್ಟು.

ಅವ್ವ ಅಳುವಾಗ ದನಿ ತೆಗೆಯುವುದಿಲ್ಲ, ನಿನಗೆ ಗೊತ್ತಲ್ಲ. ನಾನು ಬಂದ ದಿನ ‘ಏನರ ಮಾತಾಡಬೇ ಯವ್ವಾ’ ಎಂದು ಅವಳಿಗೆ ಹೇಳು. ಸುಮ್ಮನಿದ್ದರೆ ಅವಳು ಎಲ್ಲಿ ನಿಂತಿದ್ದಾಳೋ ನನಗೆ ತಿಳಿಯುವುದಿಲ್ಲ.

ಮುದಿಯಪ್ಪನ ಹೆಬ್ಬೆಟ್ಟು