ಒಲೆ ಯಾವ ದಿಕ್ಕಿಗಿದೆ

ವೆಸ್ಟ್‌ಮಂಟ್, ಮಾರ್ಚ್ 2009

ದೊಡ್ಡಪ್ಪನವರಿಗೆ ಮೈತ್ರೇಯಿಯ ನಮಸ್ಕಾರ.

ನಾನು ಯಾರ ಕುರಿತು ಪ್ರಬಂಧ ಬರೆದೆನೋ ಆ ಕಾದಂಬರಿಕಾರರನ್ನು ನಿನ್ನೆ ಕಂಡೆ. ವರ್ಷಗಳಿಂದ ಯಾರಿಗೂ ಬಾಗಿಲು ತೆರೆಯದವರು ಈ ಆರ್ಥಿಕ ಹಿಂಜರಿತದಲ್ಲಿ ಮನೆಯನ್ನು ತಾವೇ ಮಾರಾಟಕ್ಕಿಟ್ಟಿದ್ದಾರೆ. ಇಂದುಮತಿ ಚಿಕ್ಕಮ್ಮ, "ನೋಡಿದ್ರೆ ಕೊಂಡ್ಕೋಬೇಕು ಅಂತೇನಿಲ್ಲ ಕಣೇ, ಸುಮ್ನೆ ಬಾ" ಎಂದು ನನ್ನನ್ನು ಒಳಗೆ ಕರೆದೊಯ್ದರು.

ನಿಜವಾದ ಗಿರಾಕಿಗಳಂತೆ ಕಾಣಲೆಂದು ಚಿಕ್ಕಮ್ಮ ವಾಸ್ತುವಿನ ಮಾತು ತೆಗೆದರು: ಒಲೆ ಆಗ್ನೇಯಕ್ಕಿದೆಯೇ? ಆ ಮುದುಕ ಕಾದಂಬರಿಕಾರರು ನಗಲಿಲ್ಲ. ನಿಧಾನವಾಗಿ ಮಹಡಿ ಹತ್ತಿ ಹಳೆಯ ದಿಕ್ಸೂಚಿಯೊಂದನ್ನು ತಂದು, ಒಲೆಯ ಮುಂದೆ ಮುಳ್ಳು ನಿಲ್ಲುವವರೆಗೂ ಹಿಡಿದು ನಿಂತರು. "ಆಗ್ನೇಯವೇ! ಹಾಗಾದರೆ ನಿಮಗೆ ಒಪ್ಪಿಗೆಯೇ?" ಎಂದು ನನ್ನನ್ನು ಕೇಳಿದರು. ನಾನು ಹೂಂ ಎಂದು ತಲೆಯಾಡಿಸಿಬಿಟ್ಟೆ; ಅವರು ನಮ್ಮ ಫೋನ್ ನಂಬರು ಬರೆದುಕೊಂಡರು.

ಸಹಿ ಹಾಕಿಸಲೆಂದು ನೀವು ಕೊಟ್ಟ ಪುಸ್ತಕವನ್ನು ನಾಚಿಕೆಯಿಂದ ಚೀಲದಿಂದ ಹೊರತೆಗೆಯಲಾಗಲಿಲ್ಲ. ಕ್ಷಮಿಸಿ.

ನನ್ನ ಕೆಮ್ಮು ಕಡಿಮೆಯಾಗಿದೆ. ಚಿಕ್ಕಪ್ಪನಿಗೆ ಇನ್ನೂ ಕೆಲಸ ಸಿಕ್ಕಿಲ್ಲ. ಕಾಗದದಲ್ಲಿ ಜಾಗ ಮುಗಿಯುತ್ತಾ ಬಂತು. ಬೆಳಗಿನಿಂದ ಫೋನ್ ಬಡಿದುಕೊಳ್ಳುತ್ತಲೇ ಇದೆ, ಆ ಕಾದಂಬರಿಕಾರರದೇ ನಂಬರು. ಚಿಕ್ಕಮ್ಮ ಎತ್ತಬೇಡವೆಂದು ಅಡುಗೆಮನೆಯಿಂದಲೇ ಕೈ ಮಾಡುತ್ತಿದ್ದಾರೆ.

ನಿಮ್ಮ
ಮೈತ್ರೇಯಿ