ತೊಯ್ದರೆ ಕಸುವಿಲ್ಲದ ನೂಲು

ನಾಸಿಕ, ಗುರುವಾರ

ಅಕ್ಕಾ,

ಬಿಯರ್ ಮಾಡಿ ಉಳಿದ ಬಾರ್ಲಿಯ ಚರಟದಿಂದ ನೂಲು ತೆಗೆಯುವುದನ್ನು ಇಂದು ಇಲ್ಲಿನ ಗಿರಣಿಯಲ್ಲಿ ಕಂಡೆ. ಶಾವಿಗೆ ಒತ್ತಿದಂತೆ ಬೆಳ್ಳಗೆ ಇಳಿಯುತ್ತದೆ. ನಾನು ಗಜೇಂದ್ರಗಡಕ್ಕೆ, ನಿನ್ನ ಮಗ್ಗಕ್ಕೆಂದು ಕಳಿಸಿದ್ದ ಲಡಿಗಳು ಇದೇ ನೂಲಿನವು. ಇಲ್ಲಿ ಕೆಲಸಕ್ಕಿರುವ ಮೆಣಸಗಿಯ ಇಲಿಯಾಸ, ಎಳೆಗಳು ಹರಿದದ್ದನ್ನು ಕೇಳಿ ನಕ್ಕುಬಿಟ್ಟ: "ಗಂಜಿ ಹಚ್ಚಿ ಜಗ್ಗಿದ್ರೇನ್ರಿ ಅಕ್ಕಾರ? ತೊಯ್ದ್ರ ಇದಕ್ಕ ಕಸುವ ಇರೂದಿಲ್ರಿ!"

ಅಂದು ನೀನು ಗಂಜಿ ಹಚ್ಚಿದ ಎಳೆಗಳು ಹರಿದಾಗ ಮಾಮಾ ನಿನಗೆ, "ನಿನ್ನ ಕೈ ಕೆಟ್ಟೈತಿ, ಮಗ್ಗ ಬಿಡು" ಅಂದರು. ನಾನೂ ಹೂಂ ಎಂದೆ, ನೀನು ಮಗ್ಗ ಬಿಟ್ಟೆ. ನಿನ್ನ ಕೈ ಸರಿಯಾಗಿಯೇ ಇತ್ತು. ಏನೂ ವಿಚಾರಿಸದೆ ನೂಲು ಕಳಿಸಿದ ತಪ್ಪು ನನ್ನದು.

ನನ್ನ ಕೆಮ್ಮು ಇಳಿದಿದೆ. ಟಪಾಲು ಡಬ್ಬಿ ತೆಗೆಯುವ ಹೊತ್ತಾಯಿತು. ಲಕೋಟೆಯಲ್ಲಿ ಮುಚ್ಚದೆ ಬೇಕೆಂದೇ ಕಾರ್ಡಿನಲ್ಲಿ ಬರೆದಿದ್ದೇನೆ. ಮಾಮಾ ಮೊದಲು ಓದಲಿ.

ಭುವನೇಶ್ವರಿ